ಗುಜರಿಗೆ ಕೊಡೋ ಮುಂಚೆ ಒಂದು ನಿಮಿಷ

ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಏನಂದ್ರು, ಯಾರು ಯಾವ ಕಡೆ ಜಿಗಿದ್ರು, ಅದ್ಯಾವುದೂ ಇಲ್ಲ. ಇವತ್ತು ನಿಮ್ಮ ಅಡುಗೆಮನೆ, ನಿಮ್ಮ ಬಚ್ಚಲು, ನಿಮ್ಮ ಅಟ್ಟ. ಮತ್ತೆ ತಿಂಗಳ ಕೊನೆಯಲ್ಲಿ ಖಾಲಿಯಾಗೋ ನಿಮ್ಮ ಪರ್ಸು.

ಕೆಲವು ತಿಂಗಳ ಹಿಂದೆ ನಮ್ಮ ವಾಹಿನಿಯಲ್ಲಿ ಮನೆ ಖರ್ಚು ಉಳಿಸೋದು ಹೇಗೆ ಅಂತ ಒಂದು ಕಾರ್ಯಕ್ರಮ ಮಾಡಿದ್ವಿ. ಹಳೇ ಸೀರೆಯಲ್ಲಿ ದಿಂಬಿನ ಕವರ್, ನಿಂಬೆ ಸಿಪ್ಪೆಯಲ್ಲಿ ಪಾತ್ರೆ ತೊಳೆಯೋದು, ಒಡೆದ ಬಕೆಟ್‌ನಲ್ಲಿ ಕೊತ್ತಂಬರಿ ಸೊಪ್ಪು ಬೆಳೆಯೋದು. ಚೆನ್ನಾಗಿತ್ತು ಅಂತ ಬಹಳ ಜನ ಫೋನ್ ಮಾಡಿದ್ರು. ಒಬ್ಬ ತಾಯಿ ಮಾತ್ರ ಬೇರೆ ಮಾತು ಹೇಳಿದ್ರು. ಮೈಸೂರಿನ ಮಂಡಿ ಮೊಹಲ್ಲಾದವರು. ಮನೆಯಲ್ಲಿ ಕೂತು ಊದುಬತ್ತಿ ಹೊಸೆಯೋ ಕೆಲಸ. "ಸಾರ್, ನೀವು ತೋರಿಸಿದ್ದನ್ನೆಲ್ಲ ನಮ್ಮತ್ತೆ ನಲವತ್ತು ವರ್ಷದಿಂದ ಮಾಡ್ತಾ ಇದ್ದಾರೆ. ನಾನೂ ಮಾಡ್ತೀನಿ. ಒಂದು ಸಿಪ್ಪೆ ದಂಡ ಮಾಡಲ್ಲ. ಆದ್ರೂ ತಿಂಗಳ ಇಪ್ಪತ್ತನೇ ತಾರೀಕಿಗೆ ಕೈ ಖಾಲಿ. ಅದ್ಯಾಕೆ ಅಂತ ಹೇಳಿ ನೋಡೋಣ" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ಸ್ಟುಡಿಯೋದಲ್ಲಿ ಕೂತು ಸಿಪ್ಪೆ ಕಥೆ ಹೇಳೋದು ಸುಲಭ. ಸಿಪ್ಪೆಯನ್ನೂ ಬಿಡದೆ ಬಳಸೋ ಮನೆಯಲ್ಲಿ ದುಡ್ಡು ಯಾಕೆ ನಿಲ್ತಾ ಇಲ್ಲ ಅಂತ ಹೇಳೋದು ಕಷ್ಟ. ಹಾಗಾಗಿ ಒಂದು ಭಾನುವಾರ ಕ್ಯಾಮೆರಾ ಇಲ್ಲದೆ ಅವರ ಮನೆಗೇ ಹೋದೆ. ಅವರ ಹೆಸರು ಹೇಳೋದಿಲ್ಲ. ಮನೆ ಲೆಕ್ಕ ಬಿಚ್ಚಿಟ್ಟವರ ಹೆಸರನ್ನ ಟಿವಿಯಲ್ಲಿ ಹೇಳಬಾರದು.

ಮಂಡಿ ಅಂದ್ರೆ ಸಗಟು ವ್ಯಾಪಾರದ ಜಾಗ. ಮೊಹಲ್ಲಾ ಅಂದ್ರೆ ಕೇರಿ. ಲಷ್ಕರ್, ದೇವರಾಜ, ಕೃಷ್ಣರಾಜ, ಚಾಮರಾಜ ಮೊಹಲ್ಲಾಗಳ ಹಾಗೆ ಇದೂ ಹಳೇ ಮೈಸೂರಿನ ಒಂದು ಭಾಗ. ದಸರಾ ನೋಡೋಕೆ ಬಂದವರು ಅರಮನೆ ನೋಡ್ತಾರೆ, ದೇವರಾಜ ಮಾರುಕಟ್ಟೆ ನೋಡ್ತಾರೆ, ವಾಪಸ್ ಹೋಗ್ತಾರೆ. ಅಶೋಕ ರಸ್ತೆಯಿಂದ ಒಳಗೆ ತಿರುಗಿದ್ರೆ ಇನ್ನೊಂದು ಮೈಸೂರು ಸಿಗುತ್ತೆ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಂದು ಕಡೆ ಬಡಗಿ ಕೆಲಸ, ಇನ್ನೊಂದು ಕಡೆ ಮಿಕ್ಸಿ ರಿಪೇರಿ, ಮತ್ತೊಂದು ಕಡೆ ಗುಜರಿ ಅಂಗಡಿ. ಕೆಟ್ಟದ್ದನ್ನ ಎಸೆಯೋ ಮುಂಚೆ ಸರಿಯಾಗುತ್ತಾ ಅಂತ ಕೇಳೋ ಬುದ್ಧಿ ಇಂಥ ಕೇರಿಗಳಿಗೆ ಮೊದಲಿಂದ ಇದೆ.

ಆ ತಾಯಿಯ ಅಡುಗೆಮನೆ ನೋಡಿ ನಿಜವಾಗ್ಲೂ ನಾಚಿಕೆ ಆಯ್ತು ನಂಗೆ. ನಾವು ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ದು ಅಲ್ಲಿ ಒಂದು ಮೂಲೆಯಲ್ಲಿ ಇತ್ತು. ಅವರು ಮಾಡೋದನ್ನ ಹೇಳ್ತೀನಿ, ಬರ್ಕೊಳ್ಳಿ.

ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಟೀ ಚರಟ ಕೂಡ ಗಿಡಕ್ಕೆ, ಆದ್ರೆ ಹಾಲು ಸಕ್ಕರೆ ಹೋಗೋ ಹಾಗೆ ಒಂದು ಸಲ ತೊಳೆದು, ಇಲ್ಲದಿದ್ರೆ ಇರುವೆ ಬರುತ್ತೆ. ಸಾರಿಗೆ ಕಿವುಚಿದ ಹುಣಸೆಹಣ್ಣಿನ ಚರಟ ಎಸೆಯಲ್ಲ, ಅದಕ್ಕೆ ಒಂದು ಚಿಟಿಕೆ ಉಪ್ಪು ಸೇರಿಸಿ ಹಿತ್ತಾಳೆ ತಂಬಿಗೆ ತಿಕ್ಕುತ್ತಾರೆ. ಹೀರೆಕಾಯಿ ಸಿಪ್ಪೆ ಚಟ್ನಿಗೆ, ಕಲ್ಲಂಗಡಿ ಸಿಪ್ಪೆಯ ಬಿಳಿ ಭಾಗ ದೋಸೆ ಹಿಟ್ಟಿಗೆ. ಹುಳಿ ಬಂದ ದೋಸೆ ಹಿಟ್ಟು ಪಡ್ಡು ಆಗುತ್ತೆ. ಸೋಪಿನ ಚೂರುಗಳನ್ನೆಲ್ಲ ಹಳೇ ಕಾಲುಚೀಲದಲ್ಲಿ ಹಾಕಿ ಕಟ್ಟಿ ನಲ್ಲಿಗೆ ನೇತುಹಾಕಿದ್ದಾರೆ, ಕೊನೇ ಚೂರಿನವರೆಗೂ ಕೈ ತೊಳೆಯಬಹುದು. ಹಾಲಿನ ಕವರ್ ಮೂಲೆಯನ್ನ ಪೂರ್ತಿ ಕತ್ತರಿಸಿ ಬಿಸಾಕಲ್ಲ, ತುಂಡು ಕವರ್‌ಗೇ ಅಂಟಿಕೊಂಡಿರೋ ಹಾಗೆ ಸ್ವಲ್ಪ ಸೀಳ್ತಾರೆ. ಯಾಕಂದ್ರೆ ಆ ಸಣ್ಣ ತುಂಡು ಚರಂಡಿಗೆ ಹೋಗುತ್ತೆ, ಕವರ್ ತೂಕಕ್ಕೆ ಬರುತ್ತೆ.

ಹಳೇ ಬಟ್ಟೆಗೆ ಅವರ ಮನೆಯಲ್ಲಿ ನಾಲ್ಕು ಜನ್ಮ. ಸೀರೆ ಹಳೇದಾದ್ರೆ ಹೊದಿಕೆ. ಹೊದಿಕೆ ಹರಿದ್ರೆ ದಿಂಬಿನ ಕವರ್. ಅದೂ ಹರಿದ್ರೆ ಕೈಬಟ್ಟೆ. ಕೊನೆಗೆ ಒರೆಸೋ ಬಟ್ಟೆ. ಉತ್ತರ ಕರ್ನಾಟಕದಲ್ಲಿ ಕೌದಿ ಅಂತ ಇದೆಯಲ್ಲ, ಹಳೇ ಸೀರೆ ತುಂಡುಗಳನ್ನ ಪದರ ಪದರವಾಗಿ ಇಟ್ಟು ಹೊಲಿಯೋದು, ಅದೇ ಲೆಕ್ಕ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕೌದಿಗಳನ್ನ ಈಗ ಕಲೆ ಅಂತ ಪ್ರದರ್ಶನಕ್ಕೆ ಇಡ್ತಾರೆ. ಅವರಿಗೆ ಅದು ಚಳಿಗೆ ಹೊದಿಯೋ ಬಟ್ಟೆ ಆಗಿತ್ತು, ಅಷ್ಟೇ.

ಇದು ಜಿಪುಣತನ ಅಂತ ಯಾರಾದ್ರೂ ನಕ್ಕರೆ ಮೈಸೂರಿನದೇ ಒಂದು ಕಥೆ ಹೇಳಿ. ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಗಂಧದ ಮರ ಯುರೋಪಿಗೆ ಹೋಗೋದು ನಿಂತು ಹೋಯ್ತು. ಮರ ರಾಶಿ ರಾಶಿ ಉಳಿದುಬಿಡ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಉಳಿದ ಮರದಿಂದ ಇಲ್ಲೇ ಎಣ್ಣೆ ತೆಗೆಸಿದ್ರು. ಆ ಎಣ್ಣೆ ಸೋಪಿಗೆ ಹೋಯ್ತು. ಮೈಸೂರ್ ಸ್ಯಾಂಡಲ್ ಸೋಪಿನ ಹುಟ್ಟು ಅದು. ಉಳಿದದ್ದಕ್ಕೆ ಉಪಯೋಗ ಹುಡುಕಿದ್ದಕ್ಕೇ ನೂರು ವರ್ಷ ದಾಟಿದ ಒಂದು ಉದ್ಯಮ ಬಂತು. ಆ ತಾಯಿ ಕಾಲುಚೀಲದಲ್ಲಿ ಕಟ್ಟಿಟ್ಟ ಸೋಪಿನ ಚೂರೂ ಅದೇ ಬುದ್ಧಿ.

ಸರಿ, ಹಾಗಾದ್ರೆ ದುಡ್ಡು ಎಲ್ಲಿ ಹೋಗ್ತಾ ಇದೆ?

ಒಂದು ಹಳೇ ನೋಟ್‌ಬುಕ್ ತಗೊಂಡು ಕೂತ್ವಿ. ಅವರು, ಅವರ ಯಜಮಾನ್ರು, ಅತ್ತೆ, ನಾನು. ಮಕ್ಕಳಿಬ್ಬರು ಪಕ್ಕದಲ್ಲಿ. ಒಂದು ತಿಂಗಳ ಖರ್ಚು ಪೂರ್ತಿ ಬರೆದ್ವಿ. ಸಿಪ್ಪೆ, ಚೂರು, ಚಿಂದಿ, ಗುಜರಿ ಎಲ್ಲದರಿಂದ ತಿಂಗಳಿಗೆ ಎಷ್ಟು ಉಳೀತಾ ಇದೆ ಅಂತ ಮೊದಲು ಲೆಕ್ಕ ಹಾಕಿದ್ವಿ. ಎಷ್ಟು ಎಳೆದಾಡಿದ್ರೂ 300 ರೂಪಾಯಿ ದಾಟಲಿಲ್ಲ. ಕಡಿಮೆ ಏನಲ್ಲ. ಆದ್ರೆ ಮುಂದಿನ ಪುಟದಲ್ಲಿ ಬೇರೆ ಲೆಕ್ಕ ಕಾದಿತ್ತು.

ಮೊದಲು ಕರೆಂಟ್ ಬಿಲ್ಲು ತೆಗೆಸಿದೆ. "ನಮಗೆ ಗೃಹಜ್ಯೋತಿ ಇದೆ ಸಾರ್, ಕರೆಂಟ್ ಫ್ರೀ" ಅಂದ್ರು. ಫ್ರೀ ಆದ್ರೆ ಬಿಲ್ಲಿನ ಕೊನೆಯಲ್ಲಿ ಯಾಕೆ ದುಡ್ಡು ಇದೆ ಅಂತ ಕೇಳಿದೆ. ವೀಕ್ಷಕರೇ, ಇದನ್ನ ಸರಿಯಾಗಿ ತಿಳ್ಕೊಳ್ಳಿ. 200 ಯೂನಿಟ್ ಫ್ರೀ ಅಂದ್ರೆ ಎಲ್ಲರಿಗೂ 200 ಅಲ್ಲ. ನಿಮ್ಮ ಮನೆಯ ಹಿಂದಿನ ಸರಾಸರಿ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ, ನಿಮಗೆ ಒಂದು ಮಿತಿ ಹಾಕಿರ್ತಾರೆ. ಆ ಮಿತಿ ದಾಟಿದ್ರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದ್ರೆ ಪೂರ್ತಿ ಬಿಲ್ಲು ನಿಮ್ಮದೇ. ಈ ಮನೆಯವರು ಪ್ರತಿ ತಿಂಗಳು ಮಿತಿಯ ಮೇಲೆ 24 ಯೂನಿಟ್ ಹೆಚ್ಚು ಉರಿಸ್ತಾ ಇದ್ರು.

ಎಲ್ಲಿ ಉರೀತಾ ಇದೆ? ಬಚ್ಚಲಲ್ಲಿ ನೀರು ಕಾಯಿಸೋ ರಾಡ್ ಇತ್ತು. 1500 ವ್ಯಾಟ್. ಸಾವಿರ ವ್ಯಾಟ್ ಒಂದು ಗಂಟೆ ಉರಿದ್ರೆ ಒಂದು ಯೂನಿಟ್. ದಿನಕ್ಕೆ ಅರ್ಧ ಗಂಟೆ ರಾಡ್ ಹಾಕಿದ್ರೆ ಮುಕ್ಕಾಲು ಯೂನಿಟ್, ತಿಂಗಳಿಗೆ ಇಪ್ಪತ್ತೆರಡೂವರೆ. ಸಿಕ್ತು ನೋಡಿ! ಹೆಚ್ಚೂ ಕಡಿಮೆ ಆ 24 ಯೂನಿಟ್ ಇದೇ. ಮೈಸೂರಿನ ಬಿಸಿಲಿಗೆ ತಾರಸಿ ಮೇಲೆ ಕಪ್ಪು ಬಣ್ಣ ಬಳಿದ ಡ್ರಮ್ಮಿನಲ್ಲಿ ನೀರು ತುಂಬಿಟ್ರೆ ಮಧ್ಯಾಹ್ನದ ಹೊತ್ತಿಗೆ ಬೆಚ್ಚಗಾಗಿರುತ್ತೆ. ಮಕ್ಕಳಿಗೆ ಸಂಜೆ ಸ್ಕೂಲಿಂದ ಬಂದ ಮೇಲೆ ಸ್ನಾನ ಮಾಡಿಸಿ. ರಾಡ್ ಬೇಕೇ ಬೇಕು ಅಂದ್ರೆ ಎಲ್ಲರ ನೀರೂ ಒಂದೇ ಸಲ ಕಾಯಿಸಿ, ಗಡಿಯಾರ ನೋಡಿ ಆಫ್ ಮಾಡಿ. ರಾಡ್ ಹಾಕಿ ಪಕ್ಕದ ಮನೆಗೆ ಮಾತಿಗೆ ಹೋಗಬೇಡಿ. ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಲೂ ಬೇಡಿ.

ಇನ್ನೂ ಎರಡು ಲೆಕ್ಕ. ಹಳೇ 60 ವ್ಯಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದ್ರೆ ತಿಂಗಳಿಗೆ 9 ಯೂನಿಟ್. ಅದೇ ಬೆಳಕಿಗೆ 9 ವ್ಯಾಟಿನ ಎಲ್‌ಇಡಿ ಒಂದೂವರೆ ಯೂನಿಟ್ಟೂ ತಿನ್ನಲ್ಲ. ಫ್ರಿಜ್ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ, ನೋಟು ಎಳೀರಿ. ಬಿಗಿಯಾಗಿ ಹಿಡ್ಕೊಂಡ್ರೆ ಸರಿ. ಸಲೀಸಾಗಿ ಜಾರಿ ಬಂದ್ರೆ ಬಾಗಿಲಿನ ರಬ್ಬರ್ ಸಡಿಲ ಆಗಿದೆ. ತಣ್ಣನೆ ಗಾಳಿ ಹೊರಗೆ, ನಿಮ್ಮ ದುಡ್ಡೂ ಹೊರಗೆ.

ಎರಡನೇದು ಗ್ಯಾಸು. ಸಿಲಿಂಡರ್ 26 ದಿನಕ್ಕೆ ಖಾಲಿ ಆಗ್ತಾ ಇತ್ತು. ಅವರು ಬೇಳೆ, ಕಾಳು ನೆನೆಸ್ತಾ ಇರಲಿಲ್ಲ, ಬೆಳಿಗ್ಗೆ ಅವಸರದಲ್ಲಿ ನೇರ ಕುಕ್ಕರ್‌ಗೆ. ರಾತ್ರಿ ನೆನೆಸಿಟ್ಟ ಕಡಲೆಕಾಳು ಬೇಯೋಕೆ ತಗೊಳ್ಳೋ ಹೊತ್ತೇ ಬೇರೆ. ಕುಕ್ಕರ್ ಕೂಗಿದ ಮೇಲೆ ಉರಿ ಸಣ್ಣ ಮಾಡಿ. ತೆರೆದ ಪಾತ್ರೆಗೆ ತಟ್ಟೆ ಮುಚ್ಚಿ. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಬರ್ತಾ ಇದ್ರೆ ಗೋಡೆ ಕಾಯಿಸ್ತಾ ಇದ್ದೀರಿ ಅಂತ ಅರ್ಥ. ಉರಿ ಹಳದಿಯಾಗಿ, ಪಾತ್ರೆ ತಳ ಕಪ್ಪಾಗ್ತಾ ಇದ್ರೆ ಬರ್ನರ್ ಕಟ್ಟಿದೆ, ಮಂಡಿ ಮೊಹಲ್ಲಾದಂಥ ಕೇರಿಯಲ್ಲಿ ಸ್ಟೌ ರಿಪೇರಿಯವರಿಗೆ ಬರ ಇಲ್ಲ. ಮತ್ತೆ ಸಿಲಿಂಡರ್ ಬಂದಾಗ ತೂಕ ಹಾಕಿಸಿ. ಒಳಗಿರಬೇಕಾದ ಗ್ಯಾಸ್ 14.2 ಕೆ.ಜಿ. ಖಾಲಿ ಸಿಲಿಂಡರ್ ತೂಕ ಅದರ ಮೇಲೇ ಬರೆದಿರುತ್ತೆ. ಎರಡನ್ನೂ ಕೂಡಿಸಿ ನೋಡಿ. ಅದು ನಿಮ್ಮ ಹಕ್ಕು. ಸಂಕೋಚ ಬೇಡ.

ಮೂರನೇದು ನಲ್ಲಿ. ತೊಟ್ಟಿಕ್ತಾ ಇತ್ತು. "ಎರಡು ಹನಿ ತಾನೇ ಸಾರ್." ಇವತ್ತು ರಾತ್ರಿ ಕೆಳಗೆ ಒಂದು ಬಕೆಟ್ ಇಡಿ, ಬೆಳಿಗ್ಗೆ ನೋಡಿ ಅಂದೆ. ಮಾರನೇ ದಿನ ಫೋನ್ ಬಂತು, ಅರ್ಧ ಬಕೆಟ್! ನಲ್ಲಿಯ ವಾಷರ್ ಕೆಲವೇ ರೂಪಾಯಿಯದ್ದು. ನಿಮ್ಮ ಮನೆಯಲ್ಲೂ ಇವತ್ತು ರಾತ್ರಿ ಇದೇ ಪರೀಕ್ಷೆ ಮಾಡಿ.

ನಾಲ್ಕನೇದು ದಿನಸಿ. ದೊಡ್ಡ ಪ್ಯಾಕೆಟ್ ತಗೊಂಡ್ರೆ ಯಾವಾಗ್ಲೂ ಅಗ್ಗ ಅಂತ ನಾವೆಲ್ಲ ನಂಬಿದ್ದೀವಿ ಅಲ್ವಾ? ಯಾವಾಗ್ಲೂ ಅಲ್ಲ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆ ಒಂದು ಗ್ರಾಮಿಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಬೀಳುತ್ತೆ ಅನ್ನೋದನ್ನೂ ಮುದ್ರಿಸ್ತಾರೆ. ಅದನ್ನ ನೋಡಿ. ಕೆಲವು ಶಾಂಪೂಗಳಲ್ಲಿ ಸಣ್ಣ ಸ್ಯಾಶೆಯೇ ಬಾಟಲಿಗಿಂತ ಅಗ್ಗ ಬೀಳುತ್ತೆ. ಅಕ್ಕಿ, ಬೇಳೆ, ಎಣ್ಣೆ, ಸೋಪಿನ ಪುಡಿಯಲ್ಲಿ ದೊಡ್ಡದು ಅಗ್ಗ ಬೀಳೋದೇ ಹೆಚ್ಚು. ಸೇಲ್ಸ್‌ಮನ್ ಮಾತು ಬಿಡಿ, ಆ ಸಣ್ಣ ಅಕ್ಷರ ಓದಿ.

ಇಷ್ಟೆಲ್ಲ ಆದ ಮೇಲೂ ಲೆಕ್ಕ ಕೂಡಲಿಲ್ಲ. ಸಾವಿರ ರೂಪಾಯಿ ಎಲ್ಲೋ ಹೋಗ್ತಾ ಇತ್ತು. ಯಜಮಾನ್ರು ನೆಲ ನೋಡ್ತಾ ಕೂತ್ರು. ಆಮೇಲೆ ಅತ್ತೆಯೇ ಬಾಯಿಬಿಟ್ರು. "ನನ್ನ ಆಪರೇಷನ್ನಿಗೆ ಸಾಲ ಮಾಡಿದ್ರಪ್ಪಾ. ಇಪ್ಪತ್ತು ಸಾವಿರ. ನೂರಕ್ಕೆ ಐದು ರೂಪಾಯಿ ಬಡ್ಡಿ."

ನೂರಕ್ಕೆ ಐದು ಅಂದಾಗ ಕಿವಿಗೆ ಏನೂ ಅನ್ನಿಸಲ್ಲ. ಅದು ತಿಂಗಳಿಗೆ ಐದು. ವರ್ಷಕ್ಕೆ ನೂರಕ್ಕೆ ಅರವತ್ತು. 20 ಸಾವಿರಕ್ಕೆ ತಿಂಗಳಿಗೆ ಸಾವಿರ ರೂಪಾಯಿ. ಎರಡು ವರ್ಷದಿಂದ ಒಂದು ತಿಂಗಳೂ ತಪ್ಪಿಸದೆ ಕಟ್ಟಿದ್ದಾರೆ. 24 ಸಾವಿರ ಕಟ್ಟಿ ಆಗಿದೆ. ಅಸಲು? 20 ಸಾವಿರ, ಹಾಗೇ ಇದೆ. ಒಂದು ರೂಪಾಯಿ ಇಳಿದಿಲ್ಲ.

ಆ ಮನೆಗೆ ತಿಂಗಳಿಗೆ ಗೃಹಲಕ್ಷ್ಮಿ ದುಡ್ಡು ಎರಡು ಸಾವಿರ ಅಂತ ಲೆಕ್ಕ. ಆ ಯೋಜನೆ ಶುರುವಾಗಿದ್ದೇ ಮೈಸೂರಲ್ಲಿ, 2023ರ ಆಗಸ್ಟ್ 30ರಂದು, ಮಹಾರಾಜ ಕಾಲೇಜು ಮೈದಾನದಲ್ಲಿ. ಅದರಲ್ಲಿ ಅರ್ಧ ನೇರ ಬಡ್ಡಿಗೆ ಹೋಗ್ತಾ ಇದೆ. ಹೆಂಡತಿ ಸಿಪ್ಪೆ, ಚೂರು ಕೂಡಿಹಾಕಿ 300 ಉಳಿಸ್ತಾ ಇದ್ದಾರೆ. ಬಡ್ಡಿ ಸಾವಿರ ತಗೊಂಡು ಹೋಗ್ತಾ ಇದೆ. ಇಪ್ಪತ್ತನೇ ತಾರೀಕಿಗೆ ಕೈ ಖಾಲಿ ಯಾಕೆ ಅಂತ ಕೇಳಿದ್ರಲ್ಲ, ಉತ್ತರ ಅಲ್ಲಿತ್ತು.

ಏನು ಮಾಡಬಹುದು? ಆ ತಾಯಿ ಹತ್ರ ಒಂದು ಸಣ್ಣ ಸರ ಇತ್ತು. ಮಗಳ ಮದುವೆಗೆ ಅಂತ ಇಟ್ಟಿದ್ದು, ಮುಟ್ಟಬಾರದು ಅಂತ ಮನಸ್ಸು. ನಾನು ಮಾರಿ ಅನ್ನಲಿಲ್ಲ. ಬ್ಯಾಂಕಿನ ಚಿನ್ನದ ಸಾಲದ ಲೆಕ್ಕ ತೋರಿಸಿದೆ. ಬ್ಯಾಂಕಿಂದ ಬ್ಯಾಂಕಿಗೆ ದರ ಬೇರೆ ಇರುತ್ತೆ, ವರ್ಷಕ್ಕೆ ನೂರಕ್ಕೆ ಹತ್ತು ಅಂತಲೇ ಇಟ್ಕೊಳ್ಳಿ. 20 ಸಾವಿರಕ್ಕೆ ತಿಂಗಳಿಗೆ 170 ರೂಪಾಯಿ ಆಸುಪಾಸು. ಈಗ ಕಟ್ತಾ ಇರೋ ಅದೇ ಸಾವಿರ ರೂಪಾಯಿಯನ್ನ ಅಲ್ಲಿ ಪ್ರತಿ ತಿಂಗಳು ಕಟ್ಟಿದ್ರೆ 22 ತಿಂಗಳಿಗೆ ಅಸಲೂ ತೀರಿ ಸರ ವಾಪಸ್ ಮನೆಗೆ ಬರುತ್ತೆ. ಹೋಗೋ ಮುಂಚೆ ಮೂರು ಪ್ರಶ್ನೆ ಕೇಳಿ. ಬಡ್ಡಿ ವರ್ಷಕ್ಕಾ, ತಿಂಗಳಿಗಾ? ಆಗಾಗ ಸ್ವಲ್ಪ ಸ್ವಲ್ಪ ಅಸಲು ಕಟ್ಟಬಹುದಾ? ವಾಯಿದೆ ಯಾವತ್ತು? ವಾಯಿದೆ ಮರೆತ್ರೆ ಚಿನ್ನ ಹರಾಜಿಗೆ ಹೋಗುತ್ತೆ, ಅದನ್ನೂ ನೆನಪಿಡಿ. ಚಿನ್ನ ಇಲ್ಲದವರು ಸ್ತ್ರೀಶಕ್ತಿ ಸಂಘದಂಥ ಸ್ವಸಹಾಯ ಗುಂಪಿನಲ್ಲಿ ಕೇಳಿ. ಬಡ್ಡಿಯವರು ಮನೆ ಮುಂದೆ ಬಂದು ಕಿರುಕುಳ ಕೊಟ್ರೆ ಹೆದರಬೇಡಿ. ವಿಪರೀತ ಬಡ್ಡಿ ವಿರುದ್ಧ ಕರ್ನಾಟಕದಲ್ಲಿ 2004ರಿಂದಲೇ ಕಾನೂನಿದೆ. ಸಾಲ ವಸೂಲಿಗೆ ಬಲವಂತ ಮಾಡೋದರ ವಿರುದ್ಧ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಪೊಲೀಸ್ ಠಾಣೆಗೆ ಹೋಗಬಹುದು.

ಇನ್ನೊಂದು ವಿಷಯ ಇದೆ. ಇದನ್ನ ಹೇಳದೆ ಹೋದ್ರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಆ ಮನೆಯಲ್ಲಿ ಕೆಲವು ಕಡೆ ಉಳಿಸಬಾರದ್ದನ್ನ ಉಳಿಸ್ತಾ ಇದ್ರು.

ಗ್ಯಾಸ್ ಟ್ಯೂಬು ಮದುವೆ ಆದಾಗ ಬಂದಿದ್ದಂತೆ. ಮಗಳಿಗೆ ಈಗ ಹನ್ನೊಂದು ವರ್ಷ. ಬಾಗಿಸಿದ್ರೆ ಬಿರುಕು ಕಾಣ್ತಾ ಇತ್ತು. ಆ ಟ್ಯೂಬನ್ನ ಐದು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಸೋರ್ತಾ ಇದೆಯಾ ಅಂತ ನೋಡೋಕೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದ್ರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡೋ ಧೈರ್ಯ ಯಾವತ್ತೂ ಬೇಡ. ವಾಸನೆ ಬಂದ್ರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕರಿದ ಎಣ್ಣೆ. ಹಬ್ಬಕ್ಕೆ ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರೀತಾ ಇದ್ರು. ಎಣ್ಣೆ ಪದೇ ಪದೇ ಕಾದಷ್ಟೂ ಅದರಲ್ಲಿ ಕೆಟ್ಟ ಅಂಶ ಹೆಚ್ಚಾಗುತ್ತೆ. ಅದು ಶೇಕಡಾ 25 ದಾಟಿದ ಎಣ್ಣೆ ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೋಟೆಲಿನವರಿಗೆ ನಿಯಮ ಮಾಡಿದೆ. ಮನೆಯಲ್ಲಿ ಅಳೆಯೋ ಯಂತ್ರ ಇಲ್ಲ, ಕಣ್ಣು ಮೂಗು ಇದೆ. ಒಂದು ಸಲ ಕರಿದದ್ದನ್ನ ಸೋಸಿ ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಕಪ್ಪಾಯ್ತು, ನೊರೆ ಬಂತು, ಬೇಗ ಹೊಗೆ ಬಂತು ಅಂದ್ರೆ ಮುಗೀತು. ಗೇಟಿನ ಕೀಲಿಗೆ ಹಾಕಿ. ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟುತ್ತೆ.

ಬಜ್ಜಿ ಎಣ್ಣೆ ಹೀರೋಕೆ ನ್ಯೂಸ್‌ಪೇಪರ್ ಹಾಸೋದೂ ಬೇಡ. ಮುದ್ರಣದ ಶಾಯಿ ಹೊಟ್ಟೆಗೆ ಹೋಗುತ್ತೆ. ಬಾಳೆಲೆ ಹಾಸಿ, ಇಲ್ಲ ಜಾಲರಿ ಮೇಲೆ ಬಸಿಯಿರಿ. ಪೇಪರನ್ನ ಕಪಾಟಿಗೆ ಹಾಸಿ, ಕನ್ನಡಿ ಒರೆಸಿ, ಉಳಿದದ್ದು ತೂಕಕ್ಕೆ ಹಾಕಿ.

ಕೊನೇದು ಬಾಟಲಿ. ಬಚ್ಚಲ ಮೂಲೆಯಲ್ಲಿ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಫಿನಾಯಿಲ್ ತುಂಬಿಟ್ಟಿದ್ರು. ನೋಡಿದ ತಕ್ಷಣ ನನ್ನ ಎದೆ ಝಲ್ ಅಂತು. ಯಾಕೆ ಅಂತ ಹೇಳ್ತೀನಿ. ನಾನು ಹೈಸ್ಕೂಲಿನಲ್ಲಿ ಇದ್ದಾಗ ನಮ್ಮ ಮನೆಯಲ್ಲೂ ಸೀಮೆಎಣ್ಣೆಯನ್ನ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲೇ ಇಡ್ತಾ ಇದ್ರು. ಬಾಟಲಿ ದಂಡ ಯಾಕೆ ಮಾಡೋದು ಅಂತ. ನಮ್ಮ ಚಿಕ್ಕಮ್ಮನ ಮಗ, ನಾಲ್ಕು ವರ್ಷದವನು, ಜ್ಯೂಸು ಅಂತ ಎತ್ತಿ ಕುಡಿದ. ದೊಡ್ಡವರು ಗಾಬರಿಯಲ್ಲಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದ್ರು. ಅದೇ ತಪ್ಪಾಗಿದ್ದು. ವಾಂತಿ ಆಗೋವಾಗ ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳೀತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಬದುಕಿದ, ದೇವರು ದೊಡ್ಡವನು. ನಮ್ಮಮ್ಮ ಅವತ್ತಿನಿಂದ ಮನೆಯಲ್ಲಿ ಒಂದು ಖಾಲಿ ಕೂಲ್‌ಡ್ರಿಂಕ್ಸ್ ಬಾಟಲಿ ಇಡೋಕೆ ಬಿಡಲಿಲ್ಲ. ಎರಡು ರೂಪಾಯಿ ಬಾಟಲಿ ಉಳಿಸೋಕೆ ಹೋಗಿ ಒಂದು ಮಗು ಕಳ್ಕೊಳ್ತಾ ಇದ್ವಿ.

ದಯವಿಟ್ಟು ಇದೊಂದು ಮಾತು ಕೇಳಿ. ತಿನ್ನೋ ಕುಡಿಯೋ ಡಬ್ಬದಲ್ಲಿ ಫಿನಾಯಿಲ್, ಆಸಿಡ್, ಸೀಮೆಎಣ್ಣೆ, ಇಲಿ ಪಾಷಾಣ ಹಾಕಲೇಬೇಡಿ. ವಿಷದ ಡಬ್ಬ ತೊಳೆದು ಅಡುಗೆಮನೆಗೆ ತರಲೇಬೇಡಿ. ಮಗು ಏನಾದ್ರೂ ಕುಡಿದ್ರೆ ವಾಂತಿ ಮಾಡಿಸಬೇಡಿ, 108ಕ್ಕೆ ಫೋನ್ ಮಾಡಿ, ಕುಡಿದ ಬಾಟಲಿಯನ್ನೂ ಆಸ್ಪತ್ರೆಗೆ ತಗೊಂಡು ಹೋಗಿ.

ನೆಲ ಒರೆಸೋಕೆ ಮನೆಯಲ್ಲೇ ಮಾಡೋದಿದೆ. ಜ್ಯೂಸ್ ಅಂಗಡಿಯಲ್ಲಿ ಬಿಸಾಕೋ ಮೂಸಂಬಿ, ನಿಂಬೆ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು. ಹಳೇ ಫ್ಲೋರ್ ಕ್ಲೀನರ್ ಬಾಟಲಿಯನ್ನ ಚೆನ್ನಾಗಿ ತೊಳೆದು ಅದರಲ್ಲಿ ಹಾಕಿ, ಮೇಲೆ ಸ್ವಲ್ಪ ಜಾಗ ಬಿಡಿ. ಗಾಜಿನದ್ದು ಬೇಡ, ಒಳಗೆ ಗಾಳಿ ತುಂಬಿ ಒಡೆಯಬಹುದು. ಮೊದಲ ತಿಂಗಳು ದಿನಾ ಒಂದು ಸಲ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಮೂರು ತಿಂಗಳಿಗೆ ಸೋಸಿ, ಒರೆಸೋ ನೀರಿಗೆ ಸ್ವಲ್ಪ ಹಾಕಿ. ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಗುಜರಿಗೆ ಕೊಡೋವಾಗಲೂ ಒಂದು ಜಾಣತನ ಇದೆ. ಎಲ್ಲ ಒಂದೇ ಚೀಲದಲ್ಲಿ ತುಂಬಿ ಕೊಟ್ರೆ ಎಲ್ಲಕ್ಕೂ ಕಬ್ಬಿಣದ ರೇಟೇ ಸಿಗುತ್ತೆ. ಹಿತ್ತಾಳೆ ನಲ್ಲಿ, ತಾಮ್ರದ ವೈರು, ಅಲ್ಯುಮಿನಿಯಂ ಪಾತ್ರೆ ಬೇರೆ ಬೇರೆ ಮಾಡಿ. ತಾಮ್ರದ ಬೆಲೆ ಕಬ್ಬಿಣದ ಹತ್ತಾರು ಪಟ್ಟು. ತಕ್ಕಡಿಯನ್ನ ಸೊನ್ನೆಗೆ ತಂದು ತೂಗೋಕೆ ಹೇಳಿ. ಮೈಸೂರು ದೇಶದಲ್ಲೇ ಸ್ವಚ್ಛ ನಗರ ಅಂತ 2016ರಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ಎಲ್ಲ ಹೊಗಳಿದ್ರು. ಹಸಿ ಕಸ ಒಣ ಕಸ ಬೇರೆ ಮಾಡಿ ಕೊಟ್ಟ ಮನೆ ಹೆಣ್ಣುಮಕ್ಕಳು, ಅದನ್ನ ವಿಂಗಡಿಸಿದ ಪೌರಕಾರ್ಮಿಕರು, ಕೇರಿ ಕೇರಿ ಸುತ್ತಿ ಹಳೇ ಸಾಮಾನು ತಗೊಂಡ ಗುಜರಿಯವರಿಗೂ ಆ ಹೊಗಳಿಕೆಯಲ್ಲಿ ಪಾಲಿದೆ.

ಮೊನ್ನೆ ಆ ತಾಯಿ ಫೋನ್ ಮಾಡಿದ್ರು. ಎರಡು ತಿಂಗಳಾಗಿದೆ. ಸರ ಬ್ಯಾಂಕಿನಲ್ಲಿದೆ, ಕೈಸಾಲ ತೀರಿದೆ. ಟ್ಯೂಬು ಹೊಸದು. ಸಿಲಿಂಡರ್ ನಾಲ್ಕು ದಿನ ಹೆಚ್ಚು ಬಂತಂತೆ. ಕರೆಂಟ್ ಬಿಲ್ಲು ಈ ಸಲ ಸೊನ್ನೆ. "ದುಡ್ಡು ಉಳೀತಾ ಇದೆಯಾ ಅಮ್ಮಾ?" ಅಂತ ಕೇಳಿದೆ. ನಕ್ಕರು. "ಉಳಿಯೋದೆಲ್ಲಿ ಬಂತು ಸಾರ್. ಮೊದಲು ಇಪ್ಪತ್ತಕ್ಕೆ ಖಾಲಿ ಆಗ್ತಿತ್ತು, ಈಗ ಇಪ್ಪತ್ತಾರಕ್ಕೆ ಆಗ್ತಿದೆ" ಅಂದ್ರು.

ಆರು ದಿನ. ತಿಂಗಳ ಕೊನೆಯಲ್ಲಿ ಪಕ್ಕದ ಮನೆ ಬಾಗಿಲು ತಟ್ಟೋದು ಆರು ದಿನ ತಪ್ಪಿದೆ. ಆ ಆರು ದಿನದ ಬೆಲೆ ಕೈ ಚಾಚಿ ಗೊತ್ತಿರೋರಿಗೇ ಗೊತ್ತು.

ಇವತ್ತು ಕಾರ್ಯಕ್ರಮ ಮುಗಿದ ಮೇಲೆ ಟಿವಿ ಆಫ್ ಮಾಡಿ. ಮಗುವಿನ ಹಳೇ ನೋಟ್‌ಬುಕ್ಕಿನಲ್ಲಿ ಬರೆಯದೆ ಉಳಿದ ಹಾಳೆ ಇರುತ್ತಲ್ಲ, ಅದನ್ನ ತಗೊಂಡು ಮನೆಯವರೆಲ್ಲ ಕೂತು ಒಂದು ತಿಂಗಳ ಲೆಕ್ಕ ಬರೆಯಿರಿ. ಬಡ್ಡಿಯನ್ನ ಮೊದಲ ಸಾಲಿನಲ್ಲಿ ಬರೆಯಿರಿ. ಸಿಪ್ಪೆ ಉಳಿಸೋದು ಬಿಡಬೇಡಿ, ಆದ್ರೆ ಸೋರ್ತಾ ಇರೋದು ಎಲ್ಲಿ ಅಂತ ಮೊದಲು ನೋಡಿ.